ಮಾಳಿಗೆಯ ಕರಾರು

ಗೊರೇಬಾಳ
೨೦ ಜೂನ್ ೧೯೫೦

ಪ್ರೀತಿಯ ಅಣ್ಣನವರಿಗೆ ಶೇಖರಮ್ಮನ ಶರಣು.

ಎರಡು ವರ್ಷದ ಹಿಂದಿನ ಗಲಾಟೆಯಲ್ಲಿ ಸುಟ್ಟ ನನ್ನ ಮನೆಯನ್ನು ಮತ್ತೆ ಕಟ್ಟಿಸಲು ನೀವು ಹೇಳಿದ ಲಿಂಗಸೂಗೂರಿನ ಗುತ್ತೇದಾರನನ್ನು ಬಿಟ್ಟೆನೆಂದು ನಿಮಗೆ ಸಿಟ್ಟಿದೆ. ಮೇಲಿನ ಮಣ್ಣಿನ ಮಾಳಿಗೆ ಸೋರಿದರೆ ಸರಿಮಾಡಿಕೊಡಬೇಕೆಂದು ಕರಾರಿನಲ್ಲಿ ಬರೆಯಲು ಆತ ಒಪ್ಪಲಿಲ್ಲ. "ಬಾಯಿಮಾತು ಸಾಕಲ್ರಿ, ಅಕ್ಕಾರ" ಎಂದ. ನಮ್ಮೂರ ಗೌಂಡಿ ಲಾಲಪ್ಪ, "ಬರೀರಿ, ನಾ ಎಲ್ಲಿ ಓಡಿ ಹೋಗ್ತೀನ್ರಿ?" ಎಂದು ಹೆಬ್ಬೆಟ್ಟು ಒತ್ತಿದ. ಕಲ್ಲು, ತೊಲೆ ನನ್ನವು, ಕೆಲಸ ಅವನದೆಂದು ಕರಾರಾಯಿತು.

ಮೊನ್ನೆಯ ಮಳೆಗೆ ಅಡುಗೆಮನೆ ಸೋರಿ ಒಲೆ ಆರಿತು. ನಾನು ಹೇಳಿಕಳಿಸುವ ಮೊದಲೇ ಲಾಲಪ್ಪ ಮಣ್ಣಿನ ಬುಟ್ಟಿ ಹೊತ್ತು ಬಂದಿದ್ದ. "ಎಲ್ಲಿ ಸೋರಾಕತ್ತೈತಿ, ತೋರಿಸ್ರಿ" ಎಂದು ಮಾಳಿಗೆ ಹತ್ತಿ ಮಣ್ಣು ಮೆತ್ತಿದ. ನಿನ್ನೆ ಮತ್ತೆ ಮಳೆ ಬಂತು. ಒಲೆ ಆರಲಿಲ್ಲ.

ಎರಡು ವರ್ಷ ನಿಮ್ಮ ಮನೆಯಲ್ಲಿ ನನಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ಸೋಮವಾರ ನೀವೂ ಅತ್ತಿಗೆಯವರೂ ಊಟಕ್ಕೆ ಬರಬೇಕು. ಬರುವಾಗ ನನ್ನ ಟ್ರಂಕನ್ನು ಗಾಡಿಯಲ್ಲಿ ಹಾಕಿಕೊಂಡು ಬನ್ನಿ.

ನಿಮ್ಮ ತಂಗಿ
ಶೇಖರಮ್ಮ