ಎಣ್ಣೆಯ ಬಿಸಿ ಎಲ್ಲಿ ಅಳೆಯಬೇಕು

ಮನೆಯಿಂದ,
ಗುರುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೊರಟೆ, ಕೈ ಕೇಳಲಿಲ್ಲ. ಹೇಗಿದ್ದೀಯ? ನಿನ್ನ ಅಮ್ಮನ ಮಂಡಿನೋವು ಕಡಿಮೆಯಾಯಿತೇ? ವೆಲ್ಡಿಂಗ್ ಕಿಡಿ ಹಾರಿ ಸುಟ್ಟಿದ್ದ ನಿನ್ನ ಮಣಿಕಟ್ಟು ಮಾಗಿತೇ, ಇಲ್ಲ ಅದಕ್ಕೂ ಗ್ರೀಸ್ ಸವರಿಕೊಂಡು ಓಡಾಡುತ್ತಿದ್ದೀಯೋ? ನಮ್ಮ ಮನೆಯಿಂದ ಫೋನ್ ಬಂದರೆ ನೀನು ಎತ್ತುವುದಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಫೋನನ್ನೇ ಬಾವಿಗೆ ಎಸೆಯುತ್ತಿದ್ದೆ. ಆದರೆ ಈ ಕಾಗದವನ್ನು ಮಾತ್ರ ಕೊನೆಯವರೆಗೂ ಓದು. ನಿನ್ನ ಅತ್ತೆಯ ಉಸಿರು ಇದರ ಮೇಲೆ ನಿಂತಿದೆ. ಬಣ್ಣ ಕಟ್ಟಿ ಹೇಳುತ್ತಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ನೀನು ತವರಿಗೆ ಹೋದ ಮೇಲೆ ಅವಳ ಕಾಯಿಲೆ ಕಾಲಿನಿಂದ ಎದೆಗೆ ಏರಿತು. ತಾನಾಗಿ ಉಸಿರೆಳೆಯುವ ಶಕ್ತಿ ಈಗ ಇಲ್ಲ. ಗಂಟಲಿಗೆ ಕೊಳವೆ ಹಾಕಿ, ಮಂಚದ ಪಕ್ಕದಲ್ಲಿ ಉಸಿರಾಟದ ಯಂತ್ರ ಇಟ್ಟು ಮನೆಗೆ ಕಳಿಸಿದ್ದಾರೆ. ಮಾತಿಲ್ಲ, ತುಟಿ ಆಡಿಸುತ್ತಾಳೆ, ನಾನು ಓದಿಕೊಳ್ಳುತ್ತೇನೆ. ಅದರಲ್ಲೂ ಹೆಚ್ಚಿನದು ಬೈಗುಳವೇ, ಹಾಗಾಗಿ ಓದುವುದು ಸುಲಭ. ಅಷ್ಟರಲ್ಲಿ ಕರೆಂಟಿನ ಸಬ್‌ಸ್ಟೇಷನ್ ಸುಟ್ಟುಹೋಯಿತು. ಕರೆಂಟು ಈಗ ದೂರದ ನೆಂಟನ ಹಾಗೆ, ಬಂದರೆ ಬಂತು, ಬಂದರೂ ಕೂರುವುದಿಲ್ಲ. ನಿಮ್ಮಿಬ್ಬರ ವರ್ಕ್‌ಶಾಪಿನ ಜನರೇಟರನ್ನು ಹಿತ್ತಲಿಗೆ ಎಳೆದು ತಂದು ಅದರಿಂದಲೇ ಯಂತ್ರ ನಡೆಸುತ್ತಿದ್ದೆವು. ಅದೇ, ನೀನು ಕೈಯಾರೆ ಜೋಡಿಸಿದ್ದು. ನೀರಿಲ್ಲದೆ ಬರೀ ಫ್ಯಾನಿನ ಗಾಳಿಗೆ ತಣಿಯುವ ಎರಡು ಸಿಲಿಂಡರಿನ ಇಂಜಿನ್.

ಬಿಸಿಲು ಏರಿದ ಹಾಗೆ ಅದು ಮುಟ್ಟಲಾಗದಷ್ಟು ಕಾಯತೊಡಗಿತು. ನೀರಿದ್ದರೆ ಕುದಿದು ಆವಿಯಾದರೂ ಹೇಳುತ್ತದೆ, ಗಾಳಿಯದ್ದು ಸಾಯುವವರೆಗೂ ಬಾಯಿ ಬಿಡುವುದಿಲ್ಲ ಎಂದು ನಿನ್ನ ಗಂಡ ಎಣ್ಣೆಯ ಬಿಸಿ ತೋರಿಸುವ ಸೆನ್ಸರನ್ನೂ ಅದರ ಮೀಟರನ್ನೂ ತಂದ. ತಂದದ್ದೇನೋ ಸರಿ, ಹಾಕುವುದೆಲ್ಲಿ? ಬಸ್ ಡಿಪೋದಲ್ಲಿ ದುಡಿದು ನಿವೃತ್ತನಾದ ನಮ್ಮ ಎದುರು ಮನೆಯ ಮೆಕ್ಯಾನಿಕ್ ಬಂದು, “ಇದಕ್ಕೇನು ಯೋಚನೆ? ಕೆಳಗೆ ಹಳೇ ಎಣ್ಣೆ ಹೊರಗೆ ಬಿಡೋ ಬೋಲ್ಟ್ ತೆಗೆದು ಆ ತೂತಿಗೇ ಹಾಕು. ಎಣ್ಣೆ ಎಲ್ಲಾ ಅಲ್ಲೇ ತಾನೇ ಇರೋದು?” ಎಂದ. ನಾನೂ ಹೂಂ ಎಂದೆ. ಬಟ್ಟೆ ಹೊಲಿದು ಬಾಳಿದವನು ನಾನು. ಎಣ್ಣೆ ಎಂದರೆ ನನಗೆ ಹೊಲಿಗೆ ಯಂತ್ರಕ್ಕೆ ಬಿಡುವ ಎರಡು ತೊಟ್ಟು. ಸ್ನಾನದ ನೀರು ಕಾದಿದೆಯೋ ಎಂದು ನೋಡಲು ಬಕೆಟ್ಟಿಗೇ ಕೈ ಅದ್ದುತ್ತೇವಲ್ಲ ಎಂದುಕೊಂಡೆ. ಹಾಕಿದೆವು. ಮುಳ್ಳು ಹಸಿರಿನಲ್ಲೇ ನಿಂತಿತು. ಕುರ್ಚಿ ಹಾಕಿಕೊಂಡು ಇಲಿಬಿಲದ ಮುಂದಿನ ಬೆಕ್ಕಿನ ಹಾಗೆ ಅದನ್ನೇ ಕಾಯುತ್ತ ಕೂತೆ.

ಸೋಮವಾರ ಮಧ್ಯಾಹ್ನ ಇಸ್ತ್ರಿ ಹೆಚ್ಚು ಕಾದಾಗ ಬರುತ್ತದಲ್ಲ, ಅಂಥ ಕಮರು ವಾಸನೆ ಮೂಗಿಗೆ ಬಡಿಯಿತು. ನಿನ್ನ ಗಂಡನನ್ನು ಕರೆದೆ. ಅವನು ಮೀಟರು ನೋಡಿ, “ಮುಳ್ಳು ಹಸಿರಲ್ಲೇ ಇದೆಯಲ್ಲಪ್ಪಾ. ನಿಮ್ಮ ಮೂಗಿಗೆ ವಯಸ್ಸಾಯ್ತು” ಎಂದು ನಕ್ಕ. ನಗು ಮುಗಿಯುವುದರೊಳಗೆ ಇಂಜಿನ್ ಒಮ್ಮೆ ನರಳಿ ನಿಂತೇಬಿಟ್ಟಿತು. ಉಸಿರಾಟದ ಯಂತ್ರದ ಬ್ಯಾಟರಿ ಹಳೆಯದು, ಸ್ವಲ್ಪ ಹೊತ್ತು ಕೀಚಲು ಕೂಗಿ ಅದೂ ಕಣ್ಣು ಮುಚ್ಚಿತು. ಮಗಳೇ, ಆ ಕೋಣೆಯಲ್ಲಿ ಆಗ ಬಿದ್ದ ಮೌನ ಶತ್ರುವಿಗೂ ಬೇಡ. ಆಸ್ಪತ್ರೆಯವರು ಕೊಟ್ಟಿದ್ದ ಗಾಳಿಚೀಲವನ್ನು ಕೊಳವೆಗೆ ಸಿಕ್ಕಿಸಿ ನಿನ್ನ ಗಂಡ ಕೈಯಿಂದ ಒತ್ತತೊಡಗಿದ. ಒತ್ತಿದರೆ ಅವಳ ಎದೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ನಾನು ಆಂಬುಲೆನ್ಸಿಗೆ ಫೋನ್ ಮಾಡಿ, ದಾರಿ ತೋರಿಸಲು ಬೀದಿಗೆ ಓಡಿ, ಮತ್ತೆ ಒಳಗೆ ಓಡಿ ಬಂದು, ಏನು ಮಾಡಬೇಕೆಂದು ತಿಳಿಯದೆ ಅವಳ ಪಾದ ಹಿಡಿದುಕೊಂಡು ನಿಂತೆ. ತಣ್ಣಗಿತ್ತು.

ಆಗ ಅವನು ಮಾತಾಡಿದ. ಒಮ್ಮೆ ಒತ್ತುವುದು, ಒಂದು ಮಾತು. “ಅಮ್ಮಾ, ಮರದ ಮಿಲ್ಲಿನ ಇಂಜಿನ್ ಒಡೆದಿದ್ದು ಅವಳಿಂದಲ್ಲ. ಬೋಲ್ಟ್ ಬಿಗಿ ಮಾಡದೆ ಬಿಟ್ಟವನು ನಾನು. ಮಿಲ್ಲಿನವನು ಎಲ್ಲರೆದುರು ಕೂಗಾಡಿದಾಗ, ಹೆಂಡತಿ ಮಾಡಿದ ಕೆಲಸ ಅಂತ ಹೇಳಿಬಿಟ್ಟೆ.” ಅಂದು ನೀನು ಸ್ಪ್ಯಾನರ್ ಪೆಟ್ಟಿಗೆ ಎತ್ತಿಕೊಂಡು ಹೊರಟದ್ದು ಏಕೆ ಎಂದು ನನಗೆ ಆಗ ಅರ್ಥವಾಯಿತು. ನಿನ್ನ ಅತ್ತೆ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಅವನು ಕೊಟ್ಟ ಉಸಿರಿನಲ್ಲೇ ತುಟಿ ಆಡಿಸಿದಳು. ಅವನಿಗೆ ತಿಳಿಯಲಿಲ್ಲ, ನಾನೇ ಓದಿ ಹೇಳಿದೆ: “ನನಗ್ಯಾಕೆ ಹೇಳ್ತೀಯಾ? ಅವಳಿಗೆ ಹೇಳು ಹೋಗು.”

ಆಂಬುಲೆನ್ಸಿನವರು ಬಂದರು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲ, ಆದ ಕೂಡಲೇ ಕರೆಯುತ್ತೇವೆ ಎಂದು ತಮ್ಮದೊಂದು ದೊಡ್ಡ ಬ್ಯಾಟರಿ ಬಿಟ್ಟು ಹೋದರು. ಕರೆಂಟು ಇಣುಕಿದಾಗ ಅದಕ್ಕೆ ಚಾರ್ಜು ತುಂಬಿಕೊಂಡು ಇಲ್ಲಿಯವರೆಗೆ ತಳ್ಳಿದ್ದೇವೆ. ನಾಳೆ ಅದನ್ನು ಅವರಿಗೆ ಹಿಂತಿರುಗಿಸಬೇಕು, ಇನ್ನೊಂದು ಮನೆಯಲ್ಲೂ ಯಾರೋ ಉಸಿರಿಗೆ ಕಾಯುತ್ತಿದ್ದಾರೆ.

ಇಂಜಿನ್ ಬಿಚ್ಚಿದೆವು. ಎಣ್ಣೆ ಹೊರಬಿಡುವ ಆ ಬೋಲ್ಟಿನ ತೂತು ಇಂಜಿನ್ನಿನ ತಳದ ಮೂಲೆಯಲ್ಲಿದೆ. ಸೆನ್ಸರಿನ ತುದಿ ಅಲ್ಲಿನ ಹಳೆಯ ಕೆಸರಿನಲ್ಲಿ ಹೂತುಹೋಗಿತ್ತು, ಹೊರಗಿನಿಂದ ಫ್ಯಾನಿನ ಗಾಳಿ ನೇರವಾಗಿ ಅದಕ್ಕೇ ಬೀಸುತ್ತಿತ್ತು. ಉರಿಯುವ ಮನೆಯ ವಿಷಯವನ್ನು ಜಗುಲಿಯಲ್ಲಿ ಗಾಳಿಗೆ ಕೂತವನನ್ನು ಕೇಳಿದ ಹಾಗಾಯಿತು. ನೀನು ಕಪಾಟಿನಲ್ಲಿ ಎತ್ತಿಟ್ಟಿದ್ದ ಪಿಸ್ಟನ್ ರಿಂಗುಗಳನ್ನು ಹಾಕಿ, ಗೀರಿದ ಜಾಗ ಉಜ್ಜಿ, ನಿನ್ನ ಗಂಡ ಮತ್ತೆ ಜೋಡಿಸಿದ್ದಾನೆ. ಓಡುತ್ತದೆ. ಇನ್ನೊಮ್ಮೆ ಕಾದು ಹಿಡಿದುಕೊಂಡರೆ ಗುಜರಿಗೇ ಎನ್ನುತ್ತಾನೆ.

ಈಗ ಮತ್ತೆ ಅದೇ ಜಗಳ. ಎದುರು ಮನೆಯವನು ಎಣ್ಣೆ ಮಟ್ಟ ನೋಡುವ ಕಡ್ಡಿಯ ತೂತಿನಿಂದ ಇಳಿಬಿಡೋಣ ಎನ್ನುತ್ತಾನೆ. ಎಣ್ಣೆ ತಗ್ಗಿದರೆ ಅದು ಗಾಳಿಯಲ್ಲಿ ನೇತಾಡುವುದಿಲ್ಲವೇ? ನಿನ್ನ ಗಂಡ ಎಣ್ಣೆಯ ಒತ್ತಡ ನೋಡುವ ಸ್ವಿಚ್ಚಿನ ಪಕ್ಕ ಜೋಡಿಸೋಣ, ಅಲ್ಲಿ ತೂತು ಮೊದಲೇ ಇದೆ ಎನ್ನುತ್ತಾನೆ. ಒಮ್ಮೆ ಊಟದ ಹೊತ್ತಿಗೆ ನೀನು, “ಹರಿಯದ ಎಣ್ಣೆ ಸುಳ್ಳು ಹೇಳುತ್ತೆ ಮಾವ” ಎಂದಿದ್ದೆ. ಆಮೇಲೆ ಏನೋ ಹೇಳಿದೆ, ನಾನು ಕನ್ನಡಕ ಹುಡುಕುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ. ಆ ಸ್ವಿಚ್ಚಿನ ಹತ್ತಿರ ಎಣ್ಣೆ ಹರಿಯುತ್ತದೆಯೋ, ಸುಮ್ಮನೆ ನಿಂತಿರುತ್ತದೆಯೋ? ನನಗನ್ನಿಸುವುದು, ಇಂಜಿನ್ನಿನಿಂದ ಎಣ್ಣೆ ತಣಿಸುವ ಕೂಲರಿಗೆ ಹೋಗುವ ಪೈಪನ್ನು ಕತ್ತರಿಸಿ ನಡುವೆ ಜಾಯಿಂಟ್ ಹಾಕಬೇಕು, ಬಿಸಿಯೆಲ್ಲ ಅಲ್ಲೇ ಹಾದುಹೋಗುತ್ತದಲ್ಲ. ಆದರೆ ದರ್ಜಿಯ ಮಾತಿಗೆ ಕತ್ತರಿಸಿದ ಪೈಪು ಸೋರಿದರೆ? ಕೂಲರಿನ ಮೊದಲೋ, ಆಮೇಲೋ? ತುದಿ ಎಷ್ಟು ಒಳಗಿರಬೇಕು? ಮುಳ್ಳು ಎಲ್ಲಿಗೆ ಬಂದರೆ ನಿಲ್ಲಿಸಬೇಕು? ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದರೆ ತೇಪೆ ಹಾಕಬಹುದು ಮಗಳೇ. ಇದಕ್ಕೆ ತೇಪೆಯಿಲ್ಲ. ಒಂದು ಚಿತ್ರ ಬರೆದು ಬಾಣದ ಗುರುತು ಹಾಕಿ ಕೊಡು, ಸಾಕು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನು ಎಲ್ಲಿದ್ದರೂ ನಿನ್ನ ಕೈಯ ಕೆಲಸ ನಿನ್ನ ಹೆಸರಿನಲ್ಲೇ ಇರಲಿ, ತಣ್ಣಗೆ ಬಾಳು.

ನಿನ್ನ ಮಾವ

ತಾ.ಕ.: ಹೊರಗೆ ಬೈಕು ಸ್ಟಾರ್ಟ್ ಆಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಕಾಗದ ತಂದವನು ನಿನ್ನ ಗಂಡನೇ. ನೀನು ಕರೆಯದೆ ಗೇಟು ದಾಟಬೇಡ ಎಂದು ಹೇಳಿ ಕಳಿಸಿದ್ದೇನೆ, ಹೊರಗೇ ನಿಂತಿರುತ್ತಾನೆ. ಮಿಲ್ಲಿನ ವಿಷಯ ನಾನು ಬರೆದಿರುವುದು ಅವನಿಗೆ ಗೊತ್ತಿಲ್ಲ. ಓದಿದವಳ ಹಾಗೆ ತೋರಿಸಿಕೊಳ್ಳಬೇಡ. ಅವನಾಗಿ ಬಾಯಿಬಿಡುತ್ತಾನೋ ನೋಡು. ಬಿಡದಿದ್ದರೆ ಚಿತ್ರ ಮಾತ್ರ ಕೊಟ್ಟು ಕಳಿಸಿಬಿಡು. ಬಿಟ್ಟರೂ ಕ್ಷಮಿಸಲೇಬೇಕೆಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಾವಿಬ್ಬರೂ ನಿನ್ನ ಕಡೆ. ಇದನ್ನು ಬರೆ ಎಂದು ತುಟಿ ಆಡಿಸಿದವಳು ನಿನ್ನ ಅತ್ತೆ.