ಮಗು ಏಳದ ಬಾಗಿಲು

ಮನೆಯಿಂದ,
ಮಾರ್ಚ್ 6, ಬುಧವಾರ

ಪ್ರೀತಿಯ ತಮ್ಮಾ,

ಆರೋಗ್ಯವಾಗಿದ್ದೀಯಾ? ಕೆಮ್ಮು ವಾಸಿಯಾಯಿತಾ? ಆಗಿರಲಿ, ಬೈಸಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಅಮ್ಮನ ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ. ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಜೋರಾಗಿದೆ.

ನೀನು ಬರೆದ ಕಂಪನಿಯ ಚರಿತ್ರೆ ತಲುಪಿತು. 'ನಮ್ಮ ಕಾರು: ಐವತ್ತು ವರ್ಷಗಳ ಹೊಸತನ'. ಆಹಾ, ಏನು ಹಾಳೆ, ಏನು ಚಿತ್ರ! ಎಂಬತ್ತೆರಡನೇ ಪುಟ ಓದಿ ಮೈಯೆಲ್ಲ ಉರಿದುಹೋಯಿತು. 'ಸದ್ದಿಲ್ಲದೆ ಮುಚ್ಚುವ ಬಾಗಿಲು ನಮ್ಮ ಮುಖ್ಯ ಎಂಜಿನಿಯರರ ಕನಸಿನ ಕೂಸು' ಎಂದು ಬರೆಯುವಾಗ ಕೈ ನಡುಗಲಿಲ್ಲವೇನೋ? ಕನಸಿನ ಕೂಸಂತೆ! ಕೂಸು ಇದ್ದದ್ದು ನಿಜ. ಅದು ನೀನೇ ಕಣೋ.

ಆಗ ನಿನಗೆ ಎಂಟು ತಿಂಗಳು, ನನಗೆ ಒಂಬತ್ತು ವರ್ಷ. ಅಮ್ಮ ಇದೇ ಕಂಪನಿಯ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನಮ್ಮಿಬ್ಬರನ್ನೂ ಜೊತೆಗೇ ಕರೆದೊಯ್ಯುತ್ತಿದ್ದಳು. ಅಷ್ಟು ದುಬಾರಿ ಕಾರು, ಬಾಗಿಲು ಹಾಕಿದರೆ ತಗಡಿನ ಡಬ್ಬ ಬಿದ್ದ ಸದ್ದು. ಎಂಜಿನಿಯರ್ ತಲೆ ಕೆಡಿಸಿಕೊಂಡು ಓಡಾಡುತ್ತಿದ್ದ. ಅಮ್ಮ ಹಳೆಯ ಕಂಬಳಿ ಕತ್ತರಿಸಿ, ಬಾಗಿಲಿನ ಒಳಮೈಗೆ ಪಟ್ಟಿ ಪಟ್ಟಿಯಾಗಿ ಅಂಟಿಸಿದಳು. ನಿನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬಾಗಿಲು ಹಾಕುವಳು. ನೀನು ಕಿರುಚಿಕೊಂಡು ಎದ್ದರೆ ಪಟ್ಟಿ ಕಿತ್ತು ಬೇರೆ ಕಡೆ ಅಂಟಿಸುವಳು. ನಿನ್ನನ್ನು ಮತ್ತೆ ತೂಗಿ ಮಲಗಿಸುವ ಕರ್ಮ ನನ್ನದು. ಹತ್ತೊಂಬತ್ತು ದಿನ! ತೋಳು ಬಿದ್ದುಹೋಗಿತ್ತು. ಇಪ್ಪತ್ತನೇ ದಿನ ನಾಲ್ಕೂ ಬಾಗಿಲು ಹಾಕಿದರೂ ನೀನು ಬಾಯಿ ಕಳೆದುಕೊಂಡು ಮಲಗಿದ್ದೆ. "ಮಗು ಏಳ್ಲಿಲ್ಲ ಸಾರ್, ಇದೇ ಸರಿ" ಅಂದಳು ಅಮ್ಮ. ಎಂಜಿನಿಯರ್ ಅಲ್ಲೇ ಕೂತು ನಕ್ಷೆ ಬರೆದುಕೊಂಡ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು.

ನಿನಗೇನು ಈ ಕಥೆ ಹೊಸದೇ? ಊಟಕ್ಕೆ ಕೂತಾಗಲೆಲ್ಲ ಕೇಳಿ ಬೆಳೆದವನು. ಗೊತ್ತಿದ್ದೂ ಬಿಟ್ಟೆಯಲ್ಲ, ಅದಕ್ಕೇ ನನ್ನ ಹೊಟ್ಟೆ ಉರಿಯುವುದು. ಫೋನ್ ಮಾಡಿ ಕೇಳಿದರೆ "ದಾಖಲೆ ಇಲ್ಲ ಅಕ್ಕಾ" ಎಂದು ಇಟ್ಟುಬಿಟ್ಟೆ. ಆ ಸೀಟಿನ ಮೇಲೆ ಉಚ್ಚೆ ಹೊಯ್ದವನು ನೀನು, ನಿನಗಿಂತ ದೊಡ್ಡ ದಾಖಲೆ ಬೇಕೇ? ಎರಡನೇ ಮುದ್ರಣ ಈ ತಿಂಗಳ ಕೊನೆಗೆ ಎಂದು ನೀನೇ ಹೇಳಿದ್ದೀಯ. ಆ ಪುಟದಲ್ಲಿ ಅಮ್ಮ ಇರಬೇಕು. ಇಲ್ಲದಿದ್ದರೆ ಇನ್ನು ನನ್ನನ್ನು ಅಕ್ಕಾ ಎಂದು ಕರೆಯಬೇಡ.

ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ.

ನಿನ್ನನ್ನು ತೂಗಿದ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ನಿನ್ನೆ ಅಮ್ಮ "ನನ್ ಬಗ್ಗೆ ಬರ್ದಿರೋ ಪುಟ ಓದೇ" ಅಂದಳು. ಇಲ್ಲ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಎಂಬತ್ತೆರಡನೇ ಪುಟ ತೆರೆದು ಹಿಡಿದು, ಕಂಬಳಿಯ ಕಥೆಯನ್ನೆಲ್ಲ ಓದಿದಂತೆ ಹೇಳಿದೆ. "ಎಷ್ಟ್ ಚೆನ್ನಾಗ್ ಬರ್ದಿದಾನೆ ನನ್ ಮಗ" ಎಂದು ಅತ್ತುಬಿಟ್ಟಳು. ಮುಂದಿನ ತಿಂಗಳು ಹತ್ತಕ್ಕೆ ಅವಳ ಪೊರೆ ತೆಗೆಯುತ್ತಾರೆ. ಕಣ್ಣು ಬಂದ ಕೂಡಲೇ ಆ ಪುಟವನ್ನು ತಾನೇ ಓದುತ್ತಾಳಂತೆ.