ಬೀದಿ ಅಲೆಯುತ್ತಿದ್ದ ಕೆಜಾಯಾ

ಆಶ್‌ಕಾಂಬ್ ಗ್ರೀನ್, ಬೆಡ್‌ಫರ್ಡ್‌ಶೈರ್
೧೪ ಅಕ್ಟೋಬರ್ ೧೯೫೬, ಭಾನುವಾರ

ಪ್ರೀತಿಯ ಮೇಬಲ್ ಅಕ್ಕಾ,

ಸಂಜೆ ಐದು ಗಂಟೆ. ಬೆಳಿಗ್ಗೆ ಚರ್ಚು, ಮಧ್ಯಾಹ್ನ ಅಮ್ಮನ ಕಪಾಟು ಖಾಲಿ ಮಾಡುವ ಕೆಲಸ, ಆಮೇಲೆ ಡಾರ್ಕಸ್ ಅಜ್ಜಿಯ ಮನೆ. ಇವತ್ತಿನ ದಿನ ಹೀಗೆ ಕಳೆಯಿತು. ನಿನ್ನ ಮಂಡಿನೋವು ಹೇಗಿದೆ? ಆಸ್ಟ್ರೇಲಿಯಾದ ಬಿಸಿಲು ಭಾವನ ಕೆಮ್ಮಿಗೆ ಒಗ್ಗಿತೇ? ನಾನು ಚೆನ್ನಾಗಿದ್ದೇನೆ. ಅಮ್ಮನಿಗೆ ಕೇಳಲೆಂದು ರೇಡಿಯೊ ಜೋರಾಗಿಡುವ ಅಭ್ಯಾಸ ಮಾತ್ರ ಹೋಗಿಲ್ಲ. ಹಾಕಿ ನಾನೇ ಬೆಚ್ಚಿಬೀಳುತ್ತೇನೆ. ಅಮ್ಮನ ಸಮಾಧಿಕಲ್ಲಿನ ಬಗ್ಗೆ ನೀನು ಬರೆದದ್ದು ತಲುಪಿತು. ಅಮ್ಮನ ಹೆಸರು ಮೇಲಿರಲಿ, ಕೆಳಗಿನ ಜಾಗ ಮುಂದೆ ನಮ್ಮಿಬ್ಬರಿಗಿರಲಿ ಎಂದಿದ್ದೀಯ.

ಕಪಾಟಿನ ತಳದಲ್ಲಿ ಒಂದು ಫೋಟೋ ಸಿಕ್ಕಿತು, ಹಿಂದೆ ಹೆಸರು ಬರೆದದ್ದು. ಅಮ್ಮನ ಅಜ್ಜಿ ಕೆಜಾಯಾ! ಶಾಲೆಯಿಂದ ತಡವಾಗಿ ಬಂದರೆ ಅಮ್ಮ ಬೈಯುತ್ತಿದ್ದಳಲ್ಲ, "ಕೆಜಾಯಾ ಥರ ಬೀದಿ ಅಲೀಬೇಡ್ರೇ" ಎಂದು. ಮನೆ ಕೊಳಕು ಬಿಟ್ಟು ದಿನವೆಲ್ಲ ಅಲೆಯುತ್ತಿದ್ದವಳು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಫೋಟೋದಲ್ಲಿ ಬಾಯಿಯ ಒಂದು ಮೂಲೆ ಸೊಟ್ಟಗಿದೆ, ನಮ್ಮನ್ನು ಅಣಕಿಸುವ ಹಾಗೆ. ಯಾಕಿರಬಹುದೆಂದು ಕುತೂಹಲ ತಡೆಯಲಾಗಲಿಲ್ಲ. ಕೊಳದ ಪಕ್ಕದ ಡಾರ್ಕಸ್ ಅಜ್ಜಿಗೆ ತೊಂಬತ್ತರ ಹತ್ತಿರ. ಅವಳೊಬ್ಬಳಿಗೆ ಗೊತ್ತಿದ್ದೀತೆಂದು ಹೋದೆ.

ಅಜ್ಜಿ ಫೋಟೋವನ್ನು ಮೂಗಿಗೆ ತಾಗಿಸಿಕೊಂಡು ನೋಡಿ ನಕ್ಕುಬಿಟ್ಟಳು. "ಅಯ್ಯೋ, ನಮ್ಮ ಕೆಝಿ! ಅಲೀತಿದ್ಲು ಅಂದ್ಲಾ ನಿಮ್ಮಮ್ಮ? ಕೈ ನೋಡಿದ್ಯೇನೇ ಅವಳದ್ದು? ಕಂಕುಳಲ್ಲಿ ಗೋಧಿಹುಲ್ಲಿನ ಕಂತೆ, ಬೆರಳಲ್ಲಿ ಹುಲ್ಲಿನ ಜಡೆ. ಟೋಪಿ ಮಾಡೋವ್ರಿಗೆ ಹುಲ್ಲು ಹೆಣೀತಿದ್ಲು ಕಣೇ! ಗುಡಿಸಲಲ್ಲಿ ಬೆಳಕೆಲ್ಲಿತ್ತು? ನಡ್ಕೊಂಡೇ ಹೆಣೀತಿದ್ವಿ, ಹರಟೆ ಹೊಡ್ಕೊಂಡು." ಅವಳಿಗೂ ಅದನ್ನು ಕಲಿಸಿದವಳು ಕೆಜಾಯಾಳೇ ಅಂತೆ. ಮನೆ ಕೊಳಕಾಗಿತ್ತಲ್ಲ ಎಂದೆ. "ಪಾತ್ರೆ ತಿಕ್ಕಿದ ಒರಟು ಕೈಗೆ ಹುಲ್ಲು ಸೀಳುತ್ತೆ, ಮಸಿ ಕೈಗೆ ಕಪ್ಪಾಗುತ್ತೆ. ಹೊಟ್ಟೆಗೆ ಬೇಕೋ, ಹೊಳೆಯೋ ಪಾತ್ರೆ ಬೇಕೋ?" ಆಮೇಲೆ ತನ್ನ ಬಾಯಿಯ ಮೂಲೆ ತೋರಿಸಿದಳು. ಅಲ್ಲೂ ಅಂಥದ್ದೇ ಸೊಟ್ಟು, ಜೊತೆಗೆ ಒಂದು ಬಿಳಿ ಗೆರೆ. ಕಡ್ಡಿ ಬಾಗಲೆಂದು ಒಂದೊಂದನ್ನೂ ಬಾಯಲ್ಲಿ ಎಳೆದು ಒದ್ದೆ ಮಾಡಬೇಕು. ವರ್ಷಗಟ್ಟಲೆ ಎಳೆದರೆ ತುಟಿ ಕೊಯ್ದು ಕಲೆ ಉಳಿಯುತ್ತದೆ. ಅಲೆಮಾರಿ ಎಂಬ ಹೆಸರಿಟ್ಟವಳು ಪಾದ್ರಿಯ ಹೆಂಡತಿಯಂತೆ. ಅಮ್ಮನ ಅಮ್ಮ, ನಮ್ಮ ಅಜ್ಜಿ, ಆ ಪಾದ್ರಿಯ ಮನೆಯ ಅಡುಗೆ ಕೆಲಸಕ್ಕೆ ಸೇರಿ ಅಲ್ಲಿಯ ಮಾತನ್ನೂ ಮನೆಗೆ ತಂದಳು. ಅಮ್ಮ ಹುಟ್ಟುವಾಗ ಕೆಜಾಯಾ ಬದುಕಿರಲಿಲ್ಲ. ಕೇಳಿದ್ದನ್ನೇ ನಂಬಿದಳು, ಪಾಪ.

ಕೆಜಾಯಾಳನ್ನು ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿದೆ. "ಚರ್ಚಿನ ಗೋಡೆ ಬದೀಲೆಲ್ಲೋ. ನಮ್ಮಂಥವ್ರಿಗೆ ಕಲ್ಲು ಯಾರು ನೆಡ್ತಾರೆ?" ಬರುವಾಗ ಹೋಗಿ ನೋಡಿದೆ. ಬರೀ ಹುಲ್ಲು. ನಡೆಯುತ್ತ ಅವಳು ಏನು ಹರಟುತ್ತಿದ್ದಳೋ, ಡಾರ್ಕಸ್ ಅಜ್ಜಿಗೂ ಈಗ ನೆನಪಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಂಗಿ,
ವಿನಿಫ್ರೆಡ್

ಮ.ಬ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮ ಒಪ್ಪುತ್ತಿದ್ದಳೋ ಇಲ್ಲವೋ, ಕಲ್ಲಿನ ಮೇಲೆ ನನ್ನ ಪಾಲಿನ ಜಾಗದಲ್ಲಿ "ಕೆಜಾಯಾ, ಹುಲ್ಲು ಹೆಣೆಯುವವಳು" ಎಂದು ಕೆತ್ತಲು ಬರುವ ದಾರಿಯಲ್ಲೇ ಹೇಳಿಬಂದೆ. ನಿನ್ನ ಪಾಲು ಹಾಗೇ ಇದೆ. ಬೈಯುವುದಾದರೆ ನನ್ನನ್ನು ಬೈ, ಅವಳನ್ನಲ್ಲ. ಕಲ್ಲುಕೆಲಸದವನು ನಾಳೆ ಎಂಟು ಗಂಟೆಗೆ ಶುರುಮಾಡುತ್ತಾನೆ.